ಎರಡು ಅಂಗಳದ ಕೋಳಿ

ತಮ್ಮ, ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಮನೆ ನಿಟ್ಟುವಳ್ಳಿಯಲ್ಲಿ, ಹಿತ್ತಲಿಗೆ ಕಾಂಕ್ರೀಟು. ಅಕ್ಕ ಇರುವುದು ಹರಿಹರದ ಹೊರಗೆ, ಭದ್ರಾ ನಾಲೆಯ ಗದ್ದೆಗಳ ಮಗ್ಗುಲಲ್ಲಿ. ಇಬ್ಬರ ಮನೆಯಲ್ಲೂ ಹತ್ತು ಹತ್ತು ಕೋಳಿ. ಏಪ್ರಿಲ್ ತಿಂಗಳ ಮಾತು ಇದು.

ತಮ್ಮ: ಯಕ್ಕಾ, ನನ್ನ ಕೋಳಿಗೂ ನಿನ್ನ ಕೋಳಿಗೂ ಬೇರೆ ಜಾತಿ ಏನಿಲ್ಲ. ನಿನ್ನ ಹ್ಯಾಟೆ ಕಾವು ಕೂತು ತೆಗೆದ ಮರಿಗಳನ್ನೇ ನಾನು ಬುಟ್ಟಿಯಲ್ಲಿ ತಂದದ್ದು. ನಿನ್ನವು ಮೊಟ್ಟೆ ಇಡ್ತಾವೆ, ನನ್ನವು ಇಡಲ್ಲ. ಎತ್ತಿ ನೋಡಿದರೆ ಕೈ ಸೋಲೋ ಅಷ್ಟು ತೂಕ.

ಅಕ್ಕ: ತೂಕ ಬಂದದ್ದೇ ಕಾರಣ ಇರಬೇಕು. ಏನು ಹಾಕ್ತೀಯ?

ತಮ್ಮ: ಮೆಕ್ಕೆಜೋಳ. ಬೇರೆ ಏನು ಹಾಕಲಿ? ನಮ್ಮ ಜಿಲ್ಲೆ ಅಂದ್ರೇನೇ ಮೆಕ್ಕೆಜೋಳ. ಸುಗ್ಗಿಯಲ್ಲಿ ಯಾರ್ಡಿನೊಳಗೆ ಕಾಲಿಡೋಕೆ ಜಾಗ ಇರಲ್ಲ. ತಮಿಳುನಾಡಿನ ನಾಮಕ್ಕಲ್ಲಿನ ಕೋಳಿ ಫಾರಂಗಳಿಗೆ ಇಲ್ಲಿಂದ ಲಾರಿ ಹೋಗ್ತಾವೆ. ಅಷ್ಟು ದೂರದ ಕೋಳಿ ತಿಂದು ಮೊಟ್ಟೆ ಇಡುತ್ತೆ ಅಂದ್ರೆ, ಕಣದ ಪಕ್ಕದಲ್ಲೇ ಇರೋ ನನ್ನ ಕೋಳಿಗೇನಾಗೈತಿ?

ಅಕ್ಕ: ಕಾಳಿನ ಮಾತಿಗೆ ಆಮೇಲೆ ಬರ್ತೀನಿ. ನೀರು ಎಲ್ಲಿಟ್ಟೀಯ?

ತಮ್ಮ: ನೀರಿಗೇನು, ಬಕೆಟ್ಟಿನಲ್ಲಿ ಇಟ್ಟೀನಿ. ದಿನಾ ಬೆಳಗ್ಗೆ ತುಂಬಿಸ್ತೀನಿ.

ಅಕ್ಕ: ಬಕೆಟ್ಟು ಬಿಸಿಲಲ್ಲೋ ನೆರಳಲ್ಲೋ?

ತಮ್ಮ: ಬೆಳಗ್ಗೆ ನೆರಳು. ಹನ್ನೊಂದರ ಮೇಲೆ ಬಿಸಿಲು ಬರುತ್ತೆ.

ಅಕ್ಕ: ಹಂಗಾದ್ರೆ ಹನ್ನೊಂದರ ಮೇಲೆ ನಿನ್ನ ಕೋಳಿಗೆ ನೀರಿಲ್ಲ ಅಂತಲೇ ತಿಳ್ಕೋ. ಕೋಳಿಗೆ ರುಚಿ ಅಷ್ಟಾಗಿ ಗೊತ್ತಾಗದೇ ಇರಬಹುದು, ಆದರೆ ನೀರು ಕಾದದ್ದು ಕೊಕ್ಕು ತಾಗಿಸಿದ ಕೂಡಲೇ ಗೊತ್ತಾಗುತ್ತೆ. ಕಾದ ನೀರಿನ ಮುಂದೆ ಬಾಯಾರಿ ನಿಲ್ಲುತ್ತೆ ಹೊರತು ಕುಡಿಯೋದಿಲ್ಲ. ಅದಕ್ಕೆ ನಮ್ಮ ಹಂಗೆ ಬೆವರು ಬರಲ್ಲ. ಮೈ ಶಾಖ ಮೊದಲೇ 41 ಡಿಗ್ರಿ ಆಸುಪಾಸು. ದಾವಣಗೆರೆ ಬಿಸಿಲು 38, 39ಕ್ಕೆ ಏರಿತು ಅಂದ್ರೆ ಶಾಖ ಹೊರಗೆ ಹಾಕೋಕೆ ಅದಕ್ಕಿರೋ ದೊಡ್ಡ ದಾರಿ ಒಂದೇ: ಕೊಕ್ಕು ತೆರೆದು ತೇಕೋದು. ತೇಕಿದಷ್ಟೂ ಮೈಯೊಳಗಿನ ನೀರು ಆವಿಯಾಗಿ ಹೋಗುತ್ತೆ. ಹೋದದ್ದು ತುಂಬಬೇಕಲ್ಲ?

ತಮ್ಮ: ಅಷ್ಟಕ್ಕೆ ಮೊಟ್ಟೆ ನಿಲ್ಲುತ್ತಾ?

ಅಕ್ಕ: ಮೊಟ್ಟೆ ಒಡೆದು ನೋಡು. ಸಿಪ್ಪೆ ತೆಗೆದರೆ ಒಳಗಿರೋದರಲ್ಲಿ ಮುಕ್ಕಾಲು ಭಾಗ ನೀರೇ. ಒಂದು ಪೂರ್ತಿ ದಿನ ನೀರಿಲ್ಲದೆ ಕಳೆದ ಹ್ಯಾಟೆ ಆಮೇಲೆ ಎಷ್ಟೋ ದಿನ ಮೊಟ್ಟೆಯ ಸುದ್ದಿಗೆ ಬರಲ್ಲ. ಕಾಳಿಲ್ಲದೆ ಕೋಳಿ ಒಂದೆರಡು ದಿನ ತಡೆಯುತ್ತೆ, ನೀರಿಲ್ಲದೆ ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ತಡೆಯೋದೇ ಕಷ್ಟ. ಜನ ಬಂದು ಏನು ಕಾಳು ಹಾಕ್ತೀ ಅಂತ ಕೇಳ್ತಾರೆ, ಎಂಥ ನೀರು ಇಡ್ತೀ ಅಂತ ಒಬ್ಬರೂ ಕೇಳಲ್ಲ. ನನಗೆ ಅದೇ ಸಂಕಟ.

ತಮ್ಮ: ಲೆಕ್ಕ ಹೇಳು, ಬರ್ಕೋತೀನಿ.

ಅಕ್ಕ: ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತೆ. ತಿಂದದ್ದರ ಎರಡು ಪಾಲು ನೀರು ಕುಡಿಯುತ್ತೆ. ಅಂದ್ರೆ ಕಾಲು ಲೀಟರು. ಬಿಸಿಲು ಬಲಿತಾಗ ಅದು ಹೆಚ್ಚುಕಡಿಮೆ ಅರ್ಧ ಲೀಟರಿಗೆ ಹೋಗುತ್ತೆ.

ತಮ್ಮ: ಹತ್ತು ಕೋಳಿಗೆ ಐದು ಲೀಟರು. ನನ್ನ ಬಕೆಟ್ಟು ಹದಿನೈದು ಲೀಟರಿನದು. ಸಾಲದೇನು?

ಅಕ್ಕ: ನೀರು ಸಾಲುತ್ತೆ, ಕೊಕ್ಕಿಗೆ ಎಟುಕಬೇಕಲ್ಲ? ಕೋಳಿ ನೀರು ಹೀರೋದಿಲ್ಲ. ಕೊಕ್ಕು ಅದ್ದುತ್ತೆ, ತಲೆ ಎತ್ತುತ್ತೆ, ಆಗ ನೀರು ತಾನಾಗಿ ಒಳಗಿಳಿಯುತ್ತೆ. ಬಕೆಟ್ಟಿನ ನೀರು ಅರ್ಧಕ್ಕೆ ಇಳಿದ ಮೇಲೆ ಅದರೊಳಗೆ ಬಗ್ಗಿ ಅದ್ದಿ ಮೇಲೆತ್ತೋದು ನಿನ್ನ ದೊಡ್ಡ ಹುಂಜ ಒಂದಕ್ಕೇ ಆಗೋದು. ಉಳಿದವು ಅಂಚಿನ ಮೇಲೆ ಹತ್ತಿ ಕೂರ್ತಾವೆ, ಹಿಕ್ಕೆ ಒಳಗೆ ಬೀಳುತ್ತೆ. ಆ ನೀರನ್ನು ನೀನು ಸಂಜೆ ನೋಡಿದ್ದೀಯ?

ತಮ್ಮ: ಹಸಿರಾಗಿರುತ್ತೆ. ಬೆಳಗ್ಗೆ ಮೇಲೆ ಮತ್ತಷ್ಟು ತುಂಬಿಸ್ತೀನಿ.

ಅಕ್ಕ: ಮೇಲೆ ತುಂಬಿಸಬೇಡ. ಚೆಲ್ಲು, ಉಜ್ಜು, ಆಮೇಲೆ ತುಂಬು. ಪಾತ್ರೆಯ ಗೋಡೆಗೆ ಕೈಯಾಡಿಸಿದಾಗ ಲೋಳೆ ಹತ್ತುತ್ತಲ್ಲ, ರೋಗ ಕೂತಿರೋದು ಅಲ್ಲಿ. ತೆಂಗಿನ ನಾರು, ಒಂದು ಹಿಡಿ ಬೂದಿ ಸಾಕು, ತಿಕ್ಕಿ ತೊಳೆದು ಬಿಸಿಲಿಗೆ ಕವುಚಿ ಹಾಕು. ಅದಕ್ಕೇ ಎರಡು ಜೊತೆ ಬೇಕು ಅನ್ನೋದು. ಒಂದು ಒಣಗುತ್ತಿರುವಾಗ ಇನ್ನೊಂದು ನೆಲದ ಮೇಲೆ. ಕುಂಬಾರರ ಹತ್ರ ಅಗಲ ಬಾಯಿನ ಮಣ್ಣಿನ ಬೋಗುಣಿ ತಗೋ, ನಾಲ್ಕು ಬೆರಳು ಆಳದ್ದು. ಮಣ್ಣು ನೀರನ್ನು ತಣ್ಣಗಿಡುತ್ತೆ. ಎರಡು ಇಟ್ಟಿಗೆ ಮೇಲಿಡು, ನೀರಿನ ಮಟ್ಟ ಕೋಳಿಯ ಬೆನ್ನಿನ ಎತ್ತರಕ್ಕೆ ಬರಬೇಕು. ಆಗ ಕೆದಕಿದ ಮಣ್ಣು ಒಳಗೆ ಬೀಳಲ್ಲ. ಮರಿ ಇದ್ದರೆ ಬೇರೆ ತಾಟು, ಅದರಲ್ಲಿ ಹೊಳೆಯ ಬೆಣಚುಕಲ್ಲು ತುಂಬಿ ಕಲ್ಲಿನ ಸಂದಿಯಲ್ಲಷ್ಟೇ ನೀರು. ಮರಿ ಮುಳುಗೋಕೆ ಬೊಗಸೆ ನೀರು ಸಾಕು.

ತಮ್ಮ: ಒಂದೇ ದೊಡ್ಡ ಬೋಗುಣಿ ಇಟ್ಟರೆ?

ಅಕ್ಕ: ಮೂರು ಕಡೆ ಇಡು. ಕೋಳಿಗಳಲ್ಲಿ ಯಾರು ಮೊದಲು ಯಾರು ಕೊನೆ ಅಂತ ಪಾಳಿ ಇರುತ್ತೆ. ಜೋರಿನ ಹ್ಯಾಟೆ ಒಂದು ಬೋಗುಣಿ ಕಾಯ್ಕೊಂಡು ನಿಂತರೆ, ಕೊನೆಯದಕ್ಕೆ ಸಂಜೆವರೆಗೂ ತುತ್ತಿಲ್ಲ, ಗುಟುಕಿಲ್ಲ. ಹೊರಗಿಂದ ನೋಡೋರಿಗೆ ಬೋಗುಣಿ ತುಂಬಿಯೇ ಕಾಣುತ್ತೆ.

ತಮ್ಮ: ಇನ್ನೊಂದು ತೊಂದರೆ ಐತಿ. ನಮಗೆ ನಲ್ಲಿ ದಿನಾ ಬರಲ್ಲ. ಬಂದ ದಿನ ಮೇಲಿನ ಕಪ್ಪು ಟ್ಯಾಂಕಿಗೆ ಏರಿಸಿ ಇಟ್ಕೋತೀವಿ. ಮಧ್ಯಾಹ್ನ ಆ ನಲ್ಲಿ ತಿರುಗಿಸಿದರೆ ಕೈ ಸುಡುತ್ತೆ.

ಅಕ್ಕ: ನೀನು ಕುಡಿಯೋದು ನಮ್ಮ ಹೊಳೆ ನೀರೇ ಕಣಪ್ಪಾ. ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ ದಾವಣಗೆರೆಗೆ ಕಳಿಸ್ತಾರೆ. ಇನ್ನೊಂದಷ್ಟು ಭದ್ರಾ ನಾಲೆಯಿಂದ ನಿಮ್ಮ ಕುಂದವಾಡ ಕೆರೆಗೆ ತುಂಬುತ್ತೆ. ಹೊಳೆ ಬತ್ತಿದ ವರ್ಷ ನಿಮ್ಮೂರಿನ ಕೋಳಿಗೂ ಬಾಯಾರಿಕೆ. ಟ್ಯಾಂಕಿನ ನೀರನ್ನು ಬೆಳಗಿನ ಜಾವ, ತಂಪಿರುವಾಗಲೇ ಒಂದು ಹರವಿಯಲ್ಲಿ ಹಿಡಿದು ಒಳಗಿಡು. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಹರವಿಯಿಂದ ಬೋಗುಣಿಗೆ ಸುರಿ. ನೀನು ಅಂಗಡಿಯಲ್ಲಿದ್ದರೆ ಮನೆಯಲ್ಲಿ ಯಾರಾದ್ರೂ ಸುರೀಲಿ. ಈ ಮಧ್ಯಾಹ್ನದ ಎರಡು ಸಲವೇ ಬೇಸಿಗೆಯಲ್ಲಿ ಮೊಟ್ಟೆ ಉಳಿಸೋದು.

ತಮ್ಮ: ನಿನಗಾದ್ರೆ ಹೊಳೆ ಮಗ್ಗುಲಲ್ಲೇ ಐತಿ, ನಾಲೆ ಐತಿ. ಕೋಳಿ ತಾನೇ ಹೋಗಿ ಕುಡಿಯುತ್ತೆ.

ಅಕ್ಕ: ಅದಕ್ಕೇ ನಾನು ಮನೆ ಹತ್ರ ಬೋಗುಣಿ ಇಡೋದು, ನಾಲೆ ಕಡೆ ಹೋಗದಿರಲಿ ಅಂತ. ಗದ್ದೆಗೆ ಔಷಧಿ ಹೊಡೆದ ಮೂರು ದಿನದಲ್ಲಿ ಬಸಿಗಾಲುವೆಯ ನೀರು ಕುಡಿದ ಕೋಳಿಯನ್ನು ನಾನು ನೋಡೀನಿ. ರೆಕ್ಕೆ ಇಳಿಬಿಟ್ಟು, ಕತ್ತು ಹೊರಳಿಸಿ, ಕೈಯಲ್ಲೇ ಪ್ರಾಣ ಬಿಡ್ತು. ಇನ್ನು ಕೆರೆ ನೀರಿಗೆ ಬೇರೆ ಹೆದರಿಕೆ. ಚಳಿಗಾಲದಲ್ಲಿ ಕೊಂಡಜ್ಜಿ ಕೆರೆ, ಕುಂದವಾಡ ಕೆರೆಗೆಲ್ಲ ಎಲ್ಲಿಂದಲೋ ಹಕ್ಕಿ ಬರ್ತಾವೆ. ನೋಡೋಕೆ ಚೆಂದ, ನನಗೂ ಇಷ್ಟ. ಆದರೆ ಕಾಡುಬಾತು ಇಳಿಯೋ ನೀರಿನಲ್ಲಿ ಮನೆಕೋಳಿ ಕೊಕ್ಕು ಅದ್ದಬಾರದು. 2020ರ ಮಾರ್ಚ್‌ನಲ್ಲಿ ನಮ್ಮ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಅಂತ ಆಯ್ತಲ್ಲ, ನೆನಪೈತಾ?

ತಮ್ಮ: ಕೊರೊನಾ ಶುರುವಾದ ದಿನಗಳೇ ಅವು. ಮೈಸೂರಿನಲ್ಲೂ ಆಗ್ಲೇ ಬಂತು.

ಅಕ್ಕ: ಇಲಾಖೆಯೋರು ಬಂದು ಕೋಳಿಗಳನ್ನು ಕೊಂದು ಹೂತರು. ಅಲ್ಲಿ ಎಲ್ಲಿಂದ ಬಂತೋ ನಾನು ಹೇಳಲಾರೆ. ನಾನು ಮಾತ್ರ ಅವತ್ತಿಂದ ನೀರಿನ ಪಾತ್ರೆಗೆ ಕಾಗೆ, ಕೊಕ್ಕರೆ ಬಾರದ ಹಾಗೆ ಸೂರಿನ ಕೆಳಗೇ ಇಡ್ತೀನಿ.

ತಮ್ಮ: ಸರಿ, ನೀರಾಯ್ತು. ಈಗ ಮೆಕ್ಕೆಜೋಳಕ್ಕೆ ಬಾ.

ಅಕ್ಕ: ಯಾವ ಮೆಕ್ಕೆಜೋಳ ತರ್ತೀಯ ಅದು ಹೇಳು.

ತಮ್ಮ: ಯಾರ್ಡಿನಲ್ಲಿ ಹಮಾಲರು ಚೀಲ ಎತ್ತಿದ ಮೇಲೆ ಉದುರು ಕಾಳು ಬೀಳುತ್ತಲ್ಲ, ಅದನ್ನ ಗುಡಿಸಿ ಅಗ್ಗಕ್ಕೆ ಕೊಡ್ತಾರೆ. ಮಳೆಗೆ ಸಿಕ್ಕ ಚೀಲ ಇದ್ದರೆ ಅದನ್ನೂ ತರ್ತೀನಿ. ಮನುಷ್ಯರಿಗೆ ಆಗಲ್ಲ, ಕೋಳಿಗೆ ಆಗುತ್ತೆ.

ಅಕ್ಕ: ಆ ಮಾತು ಇನ್ನೊಮ್ಮೆ ಆಡಬೇಡ. ನಾಮಕ್ಕಲ್ಲಿಗೆ ಲಾರಿ ತುಂಬೋ ಮೊದಲು ಏನು ನೋಡ್ತಾರೆ ನಿಮ್ಮಲ್ಲಿ?

ತಮ್ಮ: ತೇವ ನೋಡ್ತಾರೆ. ಮೀಟರು 14 ದಾಟಿದರೆ ರೇಟು ಇಳಿಸ್ತಾರೆ. ಬೂಷ್ಟು ನೋಡ್ತಾರೆ. ಫೀಡ್ ಕಂಪನಿಯೋರು ಅಫ್ಲಾಟಾಕ್ಸಿನ್ ಪರೀಕ್ಷೇನೂ ಮಾಡಿಸ್ತಾರೆ.

ಅಕ್ಕ: ಫಾರಂ ಕೋಳಿಗೆ ಪರೀಕ್ಷೆ ಮಾಡಿದ ಕಾಳು, ಪರೀಕ್ಷೆಯಲ್ಲಿ ಬಿದ್ದ ಕಾಳು ಮನೆಕೋಳಿಗೆ. ನ್ಯಾಯವಾ ಇದು? ನಮ್ಮ ಕಡೆ ಮೆಕ್ಕೆಜೋಳ ಮುರಿಯೋದು ಅಕ್ಟೋಬರ್, ನವೆಂಬರ್‌ನಲ್ಲಿ. ಹಿಂಗಾರು ಮಳೆ ಆಗಲೇ ಹಿಡಿಯುತ್ತೆ. ಒಣಗಿಸೋಕೆ ಕಣ ಇಲ್ಲದೆ ಡಾಂಬರು ರಸ್ತೆ ಮೇಲೆ ಹರಡ್ತಾರೆ, ರಾತ್ರಿ ತಾಡಪಾಲು ಮುಚ್ಚಿದರೆ ಒಳಗೇ ಬೇಯುತ್ತೆ. ಹಂಗೆ ಬೆಂದ ಕಾಳಿನ ಮೂತಿಯಲ್ಲಿ ಹಸಿರು ಹಳದಿ ಪುಡಿ ಕೂರುತ್ತೆ, ನೋಡಿರಬೇಕು ನೀನು.

ತಮ್ಮ: ದಿನಾ ನೋಡ್ತೀನಿ.

ಅಕ್ಕ: ಆ ಬೂಷ್ಟು ಬಿಡೋ ವಿಷವೇ ಅಫ್ಲಾಟಾಕ್ಸಿನ್. ಬೂಷ್ಟು ಒರೆಸಿದರೂ ವಿಷ ಒಳಗೆ ಇರುತ್ತೆ, ಬೇಯಿಸಿದರೂ ಹೋಗಲ್ಲ. ಕೋಳಿ ಅದೇ ದಿನ ಬಿದ್ದು ಸತ್ತರೆ ಗೊತ್ತಾಗುತ್ತಿತ್ತು. ಆದರೆ ಹಂಗಾಗಲ್ಲ. ಯಕೃತ್ತು ದಿನದಿನಕ್ಕೆ ಕೆಡುತ್ತೆ, ಮೊಟ್ಟೆ ಕಮ್ಮಿ ಆಗುತ್ತೆ, ಲಸಿಕೆ ಹಾಕಿದರೂ ಮೈ ಹಿಡಿಯಲ್ಲ. ಈ ವಿಷ ಪತ್ತೆಯಾದದ್ದೇ ಇಂಥ ಹಕ್ಕಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿಕೋಳಿ ಸತ್ತವು. ಏನು ರೋಗ ಅಂತ ತಿಳಿಯದೆ ಡಾಕ್ಟರುಗಳು ಅದಕ್ಕೆ ಎಕ್ಸ್ ಅಂತಲೇ ಹೆಸರಿಟ್ಟಿದ್ದರು. ಆಮೇಲೆ ನೋಡಿದರೆ ಹೊರದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟು. ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿಗೆ ಹೋದಾಗ ನಾನು ಇದನ್ನ ಕೇಳಿದ್ದು. ಅವತ್ತೇ ಮನೆಗೆ ಬಂದು ಅರ್ಧ ಚೀಲ ಹಿಂಡಿ ತಿಪ್ಪೆಗೂ ಹಾಕದೆ ಗುಂಡಿ ತೋಡಿ ಮುಚ್ಚಿದೆ.

ತಮ್ಮ: ಒಳ್ಳೆ ಕಾಳೇ ತರ್ತೀನಿ ಅನ್ನು. ಒಣಗಿದ್ದು, ಮೀಟರಿಗೆ 12 ತೋರಿಸೋದು. ಆಗ ಮೊಟ್ಟೆ ಇಡ್ತಾವಾ?

ಅಕ್ಕ: ಮೆಕ್ಕೆಜೋಳ ಒಂದರಿಂದಲೇ ಇಡಲ್ಲ. ಅದರಲ್ಲಿ ಶಕ್ತಿ ಐತಿ, ಭಂಡಾರಕ್ಕೆ ಹಳದಿ ಬಣ್ಣ ಐತಿ. ಪ್ರೋಟೀನು ನೂರಕ್ಕೆ 8, 9 ಅಷ್ಟೇ. ಅದರಲ್ಲೂ ಕೋಳಿಗೆ ಬೇಕಾದ ಲೈಸಿನ್ ಕಮ್ಮಿ. ಮೊಟ್ಟೆ ಇಡೋ ಹ್ಯಾಟೆಗೆ ನೂರಕ್ಕೆ 16, 17 ಆದರೂ ಬೇಕು. ನೀನು ಮೆಕ್ಕೆಜೋಳ ಸುರಿದಷ್ಟೂ ಅದು ಹೊಟ್ಟೆ ತುಂಬಿಸ್ಕೊಳ್ಳುತ್ತೆ, ಮಿಕ್ಕ ಶಕ್ತಿ ಕೊಬ್ಬಾಗಿ ಮೊಟ್ಟೆ ಚೀಲದ ಸುತ್ತ ಕೂರುತ್ತೆ. ಕೈ ಸೋಲೋ ಅಷ್ಟು ತೂಕ ಅಂದೆಯಲ್ಲ, ಅದು ಇದೇ.

ತಮ್ಮ: ನೀನೂ ಸಂಜೆ ಮೆಕ್ಕೆಜೋಳದ ನುಚ್ಚೇ ಹಾಕೋದು. ನಾನು ಕಣ್ಣಾರೆ ನೋಡೀನಿ.

ಅಕ್ಕ: ಎಷ್ಟು ಹಾಕ್ತೀನಿ ನೋಡಿದ್ದೀಯ? ಕೋಳಿಗೆ ಮೂವತ್ತು, ನಲವತ್ತು ಗ್ರಾಂ. ಉಳಿದದ್ದು ಎಲ್ಲಿಂದ ತಿಂತಾವೆ ಅಂತ ಯೋಚನೆ ಮಾಡು. ಬೆಳಗ್ಗೆ ಗೂಡು ತೆಗೆದ ಕೂಡಲೇ ತಿಪ್ಪೆಗೆ ಓಡ್ತಾವೆ. ಗೊಬ್ಬರದ ಹುಳ, ಎರೆಹುಳ, ಜೀರುಂಡೆ. ಅಲ್ಲಿಂದ ಬದುವಿಗೆ, ಮಿಡತೆಗೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉದುರಿದ ತೆನೆ. ಎಳೆ ಹುಲ್ಲು, ಹೊನಗೊನೆ ಸೊಪ್ಪು. ಬೆಣಚುಕಲ್ಲಿನ ಚೂರು ಬೇರೆ ನುಂಗ್ತಾವೆ, ಹಲ್ಲಿಲ್ಲದ ಪ್ರಾಣಿಗೆ ಕಂದನಕಾಯಿಯಲ್ಲಿ ಕಾಳು ಅರೆಯೋದು ಆ ಕಲ್ಲೇ. ನಮ್ಮ ಅಂಗಳದಲ್ಲಿ ಪ್ರೋಟೀನು ಐತಿ, ಸೊಪ್ಪು ಐತಿ, ಕಲ್ಲು ಐತಿ. ಶಕ್ತಿ ಒಂದು ಕಮ್ಮಿ ಬೀಳುತ್ತೆ, ಅದಕ್ಕೆ ಮೆಕ್ಕೆಜೋಳದ ನುಚ್ಚು. ನಿನ್ನ ಹಿತ್ತಲಲ್ಲಿ ಏನೈತಿ?

ತಮ್ಮ: ಸಿಮೆಂಟು. ಒಂದು ಕರಿಬೇವಿನ ಗಿಡ.

ಅಕ್ಕ: ಹಂಗಾದ್ರೆ ನನ್ನ ಕೋಳಿಯ ಊಟ ನಿನ್ನ ಕೋಳಿಗೆ ಆಗೋದಿಲ್ಲ. ಅಂಗಳ ಏನು ಕೊಡುತ್ತೆ ಅಂತ ಮೊದಲು ನೋಡಬೇಕು, ಕೊಡದೇ ಇರೋದನ್ನ ನಾವು ಕೊಡಬೇಕು. ನಿನ್ನ ಅಂಗಳ ಏನೂ ಕೊಡಲ್ಲ. ಅಂದಮೇಲೆ ಎಲ್ಲವನ್ನೂ ನೀನೇ ಕೊಡಬೇಕು, ಹತ್ತಕ್ಕೂ ಸೇರಿ ದಿನಕ್ಕೆ ಒಂದು ಕಿಲೋದ ಮೇಲೆ, ನೂರು ಗ್ರಾಂ ಹೆಚ್ಚುಕಡಿಮೆ.

ತಮ್ಮ: ಅಂಗಡಿಯ ಫೀಡ್ ಚೀಲ ತರಲಾ?

ಅಕ್ಕ: ತಂದರೆ ತಪ್ಪಿಲ್ಲ. ಮರಿಗೆ ಮರಿಯದು, ಮೊಟ್ಟೆ ಇಡೋದಕ್ಕೆ ಅದರದು, ಅಷ್ಟು ನೋಡಿ ತಗೋ. ಮೊಟ್ಟೆಕೋಳಿಯ ಫೀಡಿನಲ್ಲಿ ಸುಣ್ಣದ ಅಂಶ ಜಾಸ್ತಿ ಇರುತ್ತೆ, ಅದನ್ನ ಮರಿಗೆ ಹಾಕಿದರೆ ಮೂತ್ರಪಿಂಡ ಹಾಳಾಗುತ್ತೆ. ಆದರೆ ಕಾಳಿನ ಊರಲ್ಲಿದ್ದು ನೀನೇ ಯಾಕೆ ಕಲಸಬಾರದು? ಹತ್ತು ಕಿಲೋಗೆ ಹೇಳ್ತೀನಿ. ಮೆಕ್ಕೆಜೋಳದ ನುಚ್ಚು ಐದೂವರೆ ಕಿಲೋ. ಅಕ್ಕಿ ತೌಡು ಎರಡು ಕಿಲೋ, ಅದು ನಮ್ಮ ಕಡೆಯ ಮಿಲ್ಲಿನಲ್ಲಿ, ಮಲೇಬೆನ್ನೂರಿನಲ್ಲಿ ಬೇಕಾದಷ್ಟು ಸಿಗುತ್ತೆ. ಹಿಂಡಿ ಎರಡೂಕಾಲು ಕಿಲೋ, ಅರ್ಧ ಶೇಂಗಾ ಅರ್ಧ ಸೋಯಾ. ಉಳಿದ ಕಾಲು ಕಿಲೋದಲ್ಲಿ ಖನಿಜ ಮಿಶ್ರಣ, ಅದರೊಳಗೇ ಉಪ್ಪು, 30 ಗ್ರಾಂ ದಾಟಬಾರದು.

ತಮ್ಮ: ತಾಳು. ಮೆಕ್ಕೆಜೋಳದಿಂದ 495 ಗ್ರಾಂ ಪ್ರೋಟೀನು, ನೂರಕ್ಕೆ 9ರ ಹಾಗೆ. ತೌಡಿನದು 12 ಅಂತ ಹಿಡಿದರೆ 240. ಹಿಂಡಿಯದು 42 ಅಂದ್ರೆ 945. ಒಟ್ಟು 1680. ಹತ್ತು ಕಿಲೋಗೆ ನೂರಕ್ಕೆ 16.8 ಬಂತು.

ಅಕ್ಕ: ಮತ್ತೇನು, ಲೆಕ್ಕ ನಿನ್ನ ಕೈಯಲ್ಲೇ ಐತಿ. ಇದರಲ್ಲಿ ಸುಣ್ಣ ಹಾಕಿಲ್ಲ ನೋಡು. ಕಪ್ಪೆಚಿಪ್ಪಿನ ಚೂರನ್ನ ಬೇರೆ ತೆಂಗಿನ ಚಿಪ್ಪಿನಲ್ಲಿ ಇಡು. ಒಂದು ಮೊಟ್ಟೆ ಸಿಪ್ಪೆಗೆ ಎರಡು ಗ್ರಾಂ ಮೇಲೆ ಕ್ಯಾಲ್ಸಿಯಂ ಹೋಗುತ್ತೆ. ಬೇಕಾದ ಹ್ಯಾಟೆ ತಾನೇ ಹೋಗಿ ಹೆಕ್ಕುತ್ತೆ, ಹುಂಜ ಮುಟ್ಟೋದೇ ಇಲ್ಲ. ಸಂಜೆ ಹೊತ್ತು ಇಡೋದು ಒಳ್ಳೆಯದು, ಸಿಪ್ಪೆ ಕಟ್ಟೋ ಕೆಲಸ ಹೆಚ್ಚಾಗಿ ರಾತ್ರಿ ನಡೆಯೋದು. ಮನೆಯ ಮೊಟ್ಟೆ ಸಿಪ್ಪೆಯನ್ನೂ ಹಾಕಬಹುದು, ಆದರೆ ಒಣಗಿಸಿ ಪುಡಿ ಮಾಡು. ಇಡೀ ಸಿಪ್ಪೆ ಎಸೆದರೆ ಮೊಟ್ಟೆ ಒಡೆದು ತಿನ್ನೋ ಚಟ ಹತ್ತುತ್ತೆ, ಆ ಚಟ ಬಿಡಿಸೋದು ಬಲು ಕಷ್ಟ.

ತಮ್ಮ: ಮಂಡಕ್ಕಿ? ನಮ್ಮ ಬೀದಿಯಲ್ಲಿ ಎಲ್ಲರೂ ಉಳಿದ ಮಂಡಕ್ಕಿ ತಂದು ಸುರೀತಾರೆ.

ಅಕ್ಕ: ಬರೀ ಮಂಡಕ್ಕಿ ಒಂದು ಹಿಡಿ ಹಾಕಿದರೆ ಏನೂ ಆಗಲ್ಲ, ಏನೂ ಸಿಗೋದೂ ಇಲ್ಲ. ಕುತ್ತಿಗೆ ಬುಡದ ಚೀಲ ಉಬ್ಬುತ್ತೆ, ಕೋಳಿ ಹೊಟ್ಟೆ ತುಂಬಿತು ಅಂದ್ಕೊಂಡು ಒಳ್ಳೆಯ ಕಾಳು ಬಿಡುತ್ತೆ. ಕಲಸಿದ ಮಂಡಕ್ಕಿ, ಮಿರ್ಚಿ ಚೂರು ಅಂದ್ರೆ ಉಪ್ಪು. ಉಪ್ಪು ಜಾಸ್ತಿ, ನೀರು ಕಮ್ಮಿ, ಮೇಲೆ ಏಪ್ರಿಲ್ ಬಿಸಿಲು. ಕೋಳಿ ಸಾಯೋಕೆ ಇನ್ನೇನು ಬೇಕು? ಬೀದಿಯೋರಿಗೆ ಕೈ ಮುಗಿದು ಹೇಳು, ಸೊಪ್ಪಿನ ಕಡ್ಡಿ ಕೊಡಿ, ಮಂಡಕ್ಕಿ ಬೇಡ ಅಂತ.

ತಮ್ಮ: ಈ ಸಿಮೆಂಟಿನ ಮೇಲೆ ನಾನೂ ಒಂದು ತಿಪ್ಪೆ ಮಾಡಬಹುದಾ?

ಅಕ್ಕ: ಯಾಕಾಗಲ್ಲ? ಕರಿಬೇವಿನ ಗಿಡದ ಬುಡದಲ್ಲಿ ಆರಡಿ ಜಾಗ ಸಿಮೆಂಟು ಕೀಳಿಸು. ಒಣ ಎಲೆ, ಸೆಗಣಿ, ಮಾರ್ಕೆಟ್ಟಿನ ಸೊಪ್ಪಿನ ಕಸ ಹಾಕಿ ತೇವ ಇಡು. ತಿಂಗಳೊಳಗೆ ಹುಳ ಆಡ್ತಾವೆ. ಇನ್ನೊಂದು, ಗೆದ್ದಲಿನ ಮಡಕೆ. ಹಳೇ ಮಡಕೆಯೊಳಗೆ ಹುಲ್ಲು, ರಟ್ಟಿನ ಚೂರು, ಒಣ ಸೆಗಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಹರಿದಾಡೋ ಜಾಗದಲ್ಲಿ ಕವುಚಿ ಇಟ್ಟರೆ ಒಂದೆರಡು ದಿನದಲ್ಲಿ ತುಂಬ್ಕೊಳ್ಳುತ್ತೆ. ತಂದು ಮರಿಗಳ ಮುಂದೆ ಕೊಡವಿದರೆ ಅವು ತಿನ್ನೋದನ್ನ ನೋಡಬೇಕು ನೀನು. ಮೊದಲ ತಿಂಗಳ ಮರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ನಿಮ್ಮ ನಿಟ್ಟುವಳ್ಳಿಯಲ್ಲಿ ಗೆದ್ದಲಿಗೆ ಔಷಧಿ ಹೊಡೆಸಿದ ಮನೆಗಳೇ ಜಾಸ್ತಿ, ಅಲ್ಲಿಯದು ಬೇಡ. ನಾನು ಇಲ್ಲಿಂದ ಮಡಕೆ ಕಳಿಸ್ತೀನಿ.

ತಮ್ಮ: ಬೀಜದ ಮೆಕ್ಕೆಜೋಳ ಉಳಿದಿರುತ್ತಲ್ಲ ಜೂನ್‌ನಲ್ಲಿ, ಗುಲಾಬಿ ಬಣ್ಣದ್ದು, ಅದು?

ಅಕ್ಕ: ಕೈಯಿಂದ ಮುಟ್ಟಬೇಡ ಅದನ್ನ! ಆ ಬಣ್ಣವೇ ಔಷಧಿ ಲೇಪಿಸಿದ ಗುರುತು. ಬಿತ್ತನೆ ಮುಗಿದ ವಾರ ಹಳ್ಳಿಗಳಲ್ಲಿ ಕೋಳಿ ಸಾಯೋದು ಸುಮಾರು ಸಲ ಅದರಿಂದಲೇ, ಜನ ಅಂದ್ಕೊಳ್ಳೋದು ಕೊಕ್ಕರೆ ರೋಗ ಅಂತ. ತೊಳೆದರೂ ಹೋಗಲ್ಲ.

ತಮ್ಮ: ಕೊಕ್ಕರೆ ರೋಗಕ್ಕೆ ಲಸಿಕೆಯನ್ನು ನೀರಿನಲ್ಲೇ ಕೊಡ್ತಾರೆ ಅಂದ್ರು ಅಂಗಡಿಯಲ್ಲಿ.

ಅಕ್ಕ: ಮರಿಗೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಹನಿ. ತಿಂಗಳು ದಾಟಿದಾಗ ಲಸೋಟ ಅನ್ನೋ ಲಸಿಕೆ, ಅದನ್ನ ಕುಡಿಯೋ ನೀರಿನಲ್ಲಿ ಕೊಡಬಹುದು. ಎಂಟು, ಹತ್ತು ವಾರಕ್ಕೆ ಸೂಜಿ. ನೀರಿನಲ್ಲಿ ಕೊಡೋದು ನಿನ್ನ ಊರಲ್ಲಿ ಹುಷಾರಾಗಿ ಮಾಡಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಲಸಿಕೆ ಅಂದ್ರೆ ಜೀವ ಇರೋ ವೈರಸ್ಸು, ಕ್ಲೋರಿನ್ ಅದನ್ನ ಕೊಲ್ಲುತ್ತೆ. ನೀನು ಲಸಿಕೆ ಕೊಟ್ಟೆ ಅಂದ್ಕೊಂಡು ನೆಮ್ಮದಿಯಾಗಿ ಇರ್ತೀಯ, ಕೋಳಿ ಕುಡಿದದ್ದು ಬರೀ ನೀರು. ಬೋರ್‌ವೆಲ್ಲಿನದೋ ಬಾವಿಯದೋ ನೀರು ತಗೋ. ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕರಗಿಸು, ಆಮೇಲೆ ಲಸಿಕೆ. ಅದಕ್ಕೂ ಮೊದಲು ಒಂದೆರಡು ಗಂಟೆ ನೀರಿನ ಪಾತ್ರೆ ತೆಗೆದಿಟ್ಟಿರು, ಬಾಯಾರಿದ ಕೋಳಿ ತಟ್ಟಂತ ಕುಡಿದು ಮುಗಿಸಬೇಕು. ಬಿಸಿಲಿಗೆ ಮುಂಚೆ ಕೊಡು, ಐಸಿನಲ್ಲೇ ತಾ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗೋ ಅಷ್ಟಿರುತ್ತೆ, ತೆರೆದರೆ ಉಳಿಸೋಕಾಗಲ್ಲ. ಅದಕ್ಕೇ ನಾವು ಇಲ್ಲಿ ಕೇರಿಯೋರೆಲ್ಲ ಒಂದೇ ದಿನ ಗೊತ್ತು ಮಾಡ್ಕೋತೀವಿ.

ತಮ್ಮ: ನಾನು ಈ ನಾಟಿ ಕೋಳಿ ಬಿಟ್ಟು ಗಿರಿರಾಜವನ್ನೋ ಸ್ವರ್ಣಧಾರವನ್ನೋ ತಂದರೆ ಹೇಗೆ ಅಂತಾನೂ ಯೋಚನೆ ಮಾಡ್ತಾ ಇದ್ದೆ.

ಅಕ್ಕ: ಒಳ್ಳೆಯ ತಳಿಗಳೇ. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನೋರು 1989ರಲ್ಲಿ ಗಿರಿರಾಜ ಬಿಟ್ಟಾಗ ನಮ್ಮೂರಿಗೂ ಬಂತು. 2005ರಲ್ಲಿ ಸ್ವರ್ಣಧಾರ. ನಾಟಿ ಹ್ಯಾಟೆ ವರ್ಷಕ್ಕೆ 60, 70 ಮೊಟ್ಟೆ ಇಟ್ಟರೆ ಗಿರಿರಾಜ ಅದರ ಎರಡು ಪಾಲು ಇಡುತ್ತೆ. ಆದರೆ ಅದು ಹೆಚ್ಚು ಇಡೋದು ಹೆಚ್ಚು ತಿಂದು. ಇರೋ ಹತ್ತಕ್ಕೆ ಸರಿಯಾಗಿ ಹಾಕೋದನ್ನ ರೂಢಿ ಮಾಡ್ಕೋ, ಆಮೇಲೆ ತಾ. ಇನ್ನೂ ಒಂದು ಮಾತು, ನಾಟಿ ಕೋಳಿ ಹನ್ನೆರಡೋ ಹದಿನೈದೋ ಇಟ್ಟು ನಿಲ್ಲಿಸೋದು ಅದರ ಸ್ವಭಾವ. ನಿಲ್ಲಿಸಿದ್ದೆಲ್ಲ ರೋಗ ಅಲ್ಲ. ಕಾವು ಕೂರೋ ಹ್ಯಾಟೆ ಯಾವುದಾದ್ರೂ ಐತಾ ನಿನ್ನಲ್ಲಿ?

ತಮ್ಮ: ಒಂದು ಕೂತೈತಿ. ಬುಟ್ಟಿ ಬಿಟ್ಟು ಏಳೋದೇ ಇಲ್ಲ.

ಅಕ್ಕ: ಅದನ್ನ ಮೊದಲು ಹೇಳಬಾರದಾ? ಕಾವಿಗೆ ಕೂತದ್ದು ದಿನಕ್ಕೆ ಒಮ್ಮೆ ಎದ್ದರೆ ಹೆಚ್ಚು. ಎದ್ದ ಹೊತ್ತಿಗೆ ನೀರು ಕಾಳು ಅಲ್ಲೇ ಕಾಣಬೇಕು, ಹುಡುಕ್ಕೊಂಡು ಹೋಗೋ ಹಾಗಿದ್ದರೆ ಮೊಟ್ಟೆ ತಣ್ಣಗಾಗುತ್ತೆ, ಇಲ್ಲ ಅದು ಉಪವಾಸ ಬೀಳುತ್ತೆ. 21 ದಿನ ಹಂಗೇ ಕೂತು ಬಾಡಿ ಹೋದ ಹ್ಯಾಟೆ ಮರಿ ಏಳೋ ಹೊತ್ತಿಗೆ ಎದ್ದು ನಡೆಯಲಾರದು. ಬುಟ್ಟಿಯಿಂದ ಎರಡು ಹೆಜ್ಜೆಗೆ ಬೋಗುಣಿ ಇಡು, ಪಕ್ಕದಲ್ಲಿ ಇಡೀ ಕಾಳು. ಬೇರೆ ಕೋಳಿ ಅಲ್ಲಿಗೆ ಬಾರದ ಹಾಗೆ ಹಲಗೆ ಅಡ್ಡ ಕೊಡು. ಕೊಬ್ಬಿದ ನಿನ್ನ ಹತ್ತರಲ್ಲಿ ಮೆಕ್ಕೆಜೋಳ ಧಾರಾಳವಾಗಿ ಹಾಕಬೇಕಾದದ್ದು ಅದೊಂದಕ್ಕೇ.

ತಮ್ಮ: ಇವತ್ತೇ ಇಡ್ತೀನಿ. ಭಾನುವಾರ ಬಸ್ಸಿಗೆ ಬರ್ತೀನಿ ಯಕ್ಕಾ. ಒಳ್ಳೆ ಮೆಕ್ಕೆಜೋಳ ಒಂದು ಚೀಲ ನಿನಗೂ ತರ್ತೀನಿ, ನೀನು ತೌಡು ತೆಗೆದಿಡು. ಚಳ್ಳಕೆರೆಯಿಂದ ಶೇಂಗಾ ಹಿಂಡಿ ಬರುತ್ತೆ ನಮ್ಮ ಪಕ್ಕದ ಅಂಗಡಿಗೆ, ಅದನ್ನ ಎಷ್ಟು ತರಲಿ?

ಅಕ್ಕ: ಐದು ಕಿಲೋ, ಅದರ ಮೇಲೆ ಬೇಡ. ತೌಡೂ ಅಷ್ಟೇ, ಹದಿನೈದು ದಿನಕ್ಕಾಗುವಷ್ಟು ಕೊಡ್ತೀನಿ, ಹಳೆಯದಾದರೆ ಕಮಟು ವಾಸನೆ ಹಿಡಿಯುತ್ತೆ. ಹಿಂಡಿಯನ್ನ ಮುರಿದು ಮೂಸಿ ನೋಡಿ ತಗೋ. ಅಂಗಡಿಯೋನು ಏನೇ ಹೇಳಲಿ, ಒಳಗೆ ಹಸಿರು ಕಂಡರೆ ಅಲ್ಲೇ ಬಿಟ್ಟು ಬಾ.